ಭೂತಾನ್: ಪ್ರವಾಸಿಗರ ಪ್ರವೇಶ

ಪೂರ್ವ ಹಿಮಾಲಯದ ಭೂತಾನ್‌ಗೆ ಪ್ರವಾಸಿಗರು ವಿಮಾನದಲ್ಲಿ ಪಾರೋಗೆ ಬಂದಿಳಿಯಬಹುದು, ಇಲ್ಲವೆ ಭಾರತದ ಗಡಿಯೂರುಗಳಿಂದ ರಸ್ತೆಯ ಮೂಲಕ ಒಳಹೋಗಬಹುದು. ಬಂದವರು ತಂಗುವ ಪ್ರತಿ ರಾತ್ರಿಗೂ ಶುಲ್ಕ ವಿಧಿಸುವುದು ಇಲ್ಲಿನ ಪ್ರವೇಶ ವ್ಯವಸ್ಥೆಯ ವೈಶಿಷ್ಟ್ಯ. ಪ್ರವಾಸಿಗರ ಸಂಖ್ಯೆ ಮಿತಿಯಲ್ಲಿರಬೇಕು, ಅವರಿಂದ ಬರುವ ಆದಾಯ ಹೆಚ್ಚಿರಬೇಕು ಎಂಬ ನೀತಿಯನ್ನು ಈ ದೇಶ ಪ್ರವೇಶದ ನಿಯಮಗಳ ಮೂಲಕವೇ ಜಾರಿಗೆ ತಂದಿದೆ.

ಹಿನ್ನೆಲೆ: 1960ರ ದಶಕದವರೆಗೂ ಭೂತಾನ್‌ನಲ್ಲಿ ವಾಹನ ಓಡುವ ಹೆದ್ದಾರಿ ಇರಲಿಲ್ಲ. 1958ರಲ್ಲಿ ಜವಾಹರಲಾಲ್ ನೆಹರು ಅಲ್ಲಿಗೆ ಭೇಟಿ ನೀಡಿದಾಗ ಸಿಕ್ಕಿಂ ಮತ್ತು ಟಿಬೆಟ್‌ನ ಚುಂಬಿ ಕಣಿವೆಯ ಹಾದಿಯಲ್ಲಿ ದಿನಗಟ್ಟಲೆ ಪ್ರಯಾಣ ಮಾಡಬೇಕಾಯಿತು. ಭಾರತದ ಗಡಿ ರಸ್ತೆಗಳ ಸಂಸ್ಥೆ ಗಡಿಯೂರಾದ ಫುಂಟ್‌ಶೋಲಿಂಗ್‌ನಿಂದ ಒಳನಾಡಿಗೆ ರಸ್ತೆ ನಿರ್ಮಿಸಿದ ಮೇಲೆ ಸಂಪರ್ಕ ಸುಲಭವಾಯಿತು. ನಾಲ್ಕನೆಯ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ಅವರ ಪಟ್ಟಾಭಿಷೇಕ ನಡೆದ 1974ರಲ್ಲಿ ದೇಶ ವಿದೇಶಿ ಪ್ರವಾಸಿಗರಿಗೆ ತೆರೆದುಕೊಂಡಿತು.

ಮಾರ್ಗಗಳು: ವಿದೇಶಿ ವಿಮಾನಗಳಿಗೆ ದೇಶದ ಮುಖ್ಯ ದ್ವಾರ ಪಾರೋ. ಸಮುದ್ರಮಟ್ಟದಿಂದ 2,200 ಮೀಟರಿಗೂ ಎತ್ತರದಲ್ಲಿ, ಕಡಿದಾದ ಬೆಟ್ಟಗಳ ನಡುವಿನ ಇಕ್ಕಟ್ಟಾದ ಕಣಿವೆಯಲ್ಲಿ ಈ ನಿಲ್ದಾಣವಿದೆ. ವಿಮಾನ ಬೆಟ್ಟದ ಇಳಿಜಾರುಗಳ ಪಕ್ಕದಲ್ಲೇ ತಿರುವು ಪಡೆದು ರನ್‌ವೇಗೆ ಇಳಿಯಬೇಕು. ಹೀಗಾಗಿ ವಿಶೇಷ ತರಬೇತಿ ಪಡೆದ ಪೈಲಟ್‌ಗಳಿಗೆ ಮಾತ್ರ ಇಲ್ಲಿ ಅವಕಾಶ. ಹಾರಾಟ ಸಾಮಾನ್ಯವಾಗಿ ಹಗಲು ಬೆಳಕಿಗೆ ಸೀಮಿತ. ಭೂತಾನ್‌ನ ವಿಮಾನಯಾನ ಸಂಸ್ಥೆ ದ್ರುಕ್‌ಏರ್ 1983ರಲ್ಲಿ ಸೇವೆ ಆರಂಭಿಸಿತು. ದೆಹಲಿ, ಕೋಲ್ಕತ್ತ, ಕಠ್ಮಂಡು, ಬ್ಯಾಂಕಾಕ್ ಮೊದಲಾದ ನಗರಗಳಿಂದ ಪಾರೋಗೆ ವಿಮಾನಗಳಿವೆ.

ರಸ್ತೆಯ ಪ್ರವೇಶದ್ವಾರಗಳಲ್ಲಿ ಫುಂಟ್‌ಶೋಲಿಂಗ್ ಪ್ರಮುಖ. ಗೆಲೆಫು, ಸಾಮ್‌ದ್ರುಪ್ ಜೊಂಗ್‌ಖಾರ್ ಉಳಿದ ಮುಖ್ಯ ಗಡಿಯೂರುಗಳು. ಫುಂಟ್‌ಶೋಲಿಂಗ್‌ಗೆ ಅಂಟಿಕೊಂಡೇ ಪಶ್ಚಿಮ ಬಂಗಾಳದ ಜೈಗಾಂವ್ ಇದೆ. ಹತ್ತಿರದ ರೈಲು ನಿಲ್ದಾಣ ಹಾಸಿಮಾರಾ, ವಿಮಾನ ನಿಲ್ದಾಣ ಬಾಗ್ಡೋಗ್ರಾ. ಬೆಂಗಳೂರಿನಿಂದ ಬಾಗ್ಡೋಗ್ರಾಕ್ಕೆ ನೇರ ವಿಮಾನವಿರುವುದರಿಂದ ಕರ್ನಾಟಕದವರಿಗೂ ಈ ಹಾದಿ ಅನುಕೂಲಕರ.

ದಾಖಲೆಗಳು: ಭಾರತ, ಬಾಂಗ್ಲಾದೇಶ ಮತ್ತು ಮಾಲ್ಡೀವ್ಸ್ ಪ್ರಜೆಗಳನ್ನು ಬಿಟ್ಟು ಉಳಿದವರಿಗೆ ವೀಸಾ ಕಡ್ಡಾಯ. ಅದನ್ನು ಹೊರಡುವ ಮುನ್ನವೇ ಆನ್‌ಲೈನ್‌ನಲ್ಲಿ ಪಡೆಯಬೇಕು. ಅರ್ಜಿ ಶುಲ್ಕ 40 ಡಾಲರ್. ಭಾರತೀಯರಿಗೆ ವೀಸಾ ಬೇಡ, ಆದರೆ ಪ್ರವೇಶ ಪರವಾನಗಿ ಬೇಕು. ಕನಿಷ್ಠ ಆರು ತಿಂಗಳ ಅವಧಿ ಉಳಿದಿರುವ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿಯನ್ನು ಇದಕ್ಕೆ ಮಾನ್ಯ ಮಾಡಲಾಗುತ್ತದೆ. ಆಧಾರ್ ಕಾರ್ಡ್ ನಡೆಯದು. ಪಾಸ್‌ಪೋರ್ಟ್ ಇಲ್ಲದ ಮಕ್ಕಳಿಗೆ ಜನನ ಪ್ರಮಾಣಪತ್ರ ಒಯ್ಯಬೇಕು.

ಶುಲ್ಕ: ಮೊದಲು ವಿದೇಶಿಯರು ದಿನಕ್ಕೆ 200ರಿಂದ 250 ಡಾಲರಿನ ಕನಿಷ್ಠ ಪ್ಯಾಕೇಜ್ ಕೊಳ್ಳಬೇಕಿತ್ತು, ವಸತಿ, ಊಟ, ಮಾರ್ಗದರ್ಶಿಯ ವೆಚ್ಚದ ಜೊತೆಗೆ ಸರ್ಕಾರಕ್ಕೆ ಸಲ್ಲುವ 65 ಡಾಲರ್ ಅದರಲ್ಲೇ ಸೇರಿತ್ತು. ಕೋವಿಡ್‌ನಿಂದಾಗಿ ಮುಚ್ಚಿದ್ದ ಗಡಿ 2022ರ ಸೆಪ್ಟೆಂಬರ್ 23ರಂದು ತೆರೆದಾಗ ಈ ಪದ್ಧತಿ ಬದಲಾಯಿತು. ಸುಸ್ಥಿರ ಅಭಿವೃದ್ಧಿ ಶುಲ್ಕವನ್ನು ಪ್ರತ್ಯೇಕಿಸಿ, ಪ್ರತಿ ರಾತ್ರಿಗೆ 200 ಡಾಲರ್ ನಿಗದಿಪಡಿಸಲಾಯಿತು. ಪ್ರವಾಸೋದ್ಯಮಕ್ಕೆ ಚೇತರಿಕೆ ಬೇಕಿದ್ದುದರಿಂದ 2023ರ ಸೆಪ್ಟೆಂಬರ್‌ನಲ್ಲಿ ಅದನ್ನು 100 ಡಾಲರಿಗೆ ಇಳಿಸಿ, 2027ರ ಆಗಸ್ಟ್‌ವರೆಗೆ ಅನ್ವಯಿಸುವಂತೆ ಪ್ರಕಟಿಸಲಾಯಿತು.

ಹಿಂದೆ ಶುಲ್ಕವೇ ಇಲ್ಲದಿದ್ದ ಭಾರತೀಯರಿಗೆ ಈಗ ಪ್ರತಿ ರಾತ್ರಿಗೆ 1,200 ರೂಪಾಯಿ ಇದೆ. 6ರಿಂದ 11 ವರ್ಷದ ಮಕ್ಕಳಿಗೆ ಅರ್ಧ ಶುಲ್ಕ. ಅದಕ್ಕಿಂತ ಚಿಕ್ಕವರಿಗೆ ಪೂರ್ಣ ವಿನಾಯಿತಿ. ಭೂತಾನ್‌ನ ನಾಣ್ಯವಾದ ನ್ಗುಲ್ಟ್ರಮ್‌ನ ಮೌಲ್ಯ ಭಾರತದ ರೂಪಾಯಿಗೆ ಸಮ.

ಗಡಿಯ ವಿಧಾನ: ಜೈಗಾಂವ್ ಕಡೆಯಿಂದ ನಡೆದು ಬರುವವರು ಫುಂಟ್‌ಶೋಲಿಂಗ್‌ನ ಪಾದಚಾರಿ ಟರ್ಮಿನಲ್‌ನಲ್ಲಿ ಗುರುತಿನ ಪತ್ರ ತೋರಿಸಬೇಕು. ಗಡಿಪಟ್ಟಣದೊಳಗೆ 24 ಗಂಟೆಯೊಳಗಿನ ಭೇಟಿಗೆ ಶುಲ್ಕವಿಲ್ಲ. ರಾಜಧಾನಿ ಥಿಂಫು ಕಡೆಗೆ ಬೆಟ್ಟ ಹತ್ತುವಾಗ ರಿಂಚೆಂಡಿಂಗ್ ತಪಾಸಣಾ ಠಾಣೆಯಲ್ಲಿ ಪರವಾನಗಿಯನ್ನು ಮತ್ತೆ ಪರಿಶೀಲಿಸುತ್ತಾರೆ. ಭಾರತದ ನೋಂದಣಿಯ ಪ್ರವಾಸಿ ವಾಹನವನ್ನು ಫುಂಟ್‌ಶೋಲಿಂಗ್‌ನಿಂದ ಮುಂದಕ್ಕೆ ಒಯ್ಯಲು ದಿನಕ್ಕೆ 4,500 ರೂಪಾಯಿ ತೆರಬೇಕು. ಆದ್ದರಿಂದ ಅನೇಕರು ಗಡಿಯಲ್ಲೇ ಸ್ಥಳೀಯ ಟ್ಯಾಕ್ಸಿ ಹಿಡಿಯುತ್ತಾರೆ.

ಉದ್ದೇಶ: ಶುಲ್ಕದ ಹಣ ಪರಿಸರ ರಕ್ಷಣೆ, ಉಚಿತ ಆರೋಗ್ಯ ಸೇವೆ, ಶಿಕ್ಷಣ ಮತ್ತು ಮೂಲಸೌಕರ್ಯಕ್ಕೆ ಸಲ್ಲುತ್ತದೆ. ಭೂಪ್ರದೇಶದ ಶೇ 60ರಷ್ಟಾದರೂ ಸದಾ ಅರಣ್ಯವಾಗಿರಬೇಕೆಂದು 2008ರ ಸಂವಿಧಾನ ವಿಧಿಸಿದೆ. ಹೋಟೆಲು, ಅಂಗಡಿ, ಸಾರಿಗೆಯವರ ಜೀವನೋಪಾಯ ಪ್ರವಾಸಿಗರನ್ನೇ ಅವಲಂಬಿಸಿದೆ. ಕಾಡಿನ ರಕ್ಷಣೆ ಮತ್ತು ಜನರ ದುಡಿಮೆ ಎರಡನ್ನೂ ಸರಿದೂಗಿಸುವ ಪ್ರಯತ್ನದಲ್ಲೇ ಶುಲ್ಕದ ದರ ಏರಿಳಿತ ಕಂಡಿದೆ.