ಆಕ್ರಾ ನಗರದಲ್ಲಿ ಇಳಿದ ಶಾಂತಿದಳ: ಒಂದು ಆಗಮನದ ವಿಚಾರ

ವಿದ್ಯಾಭ್ಯಾಸವನ್ನು ಮುಗಿಸಿದ ತರುಣರು ಗುಂಪುಗೂಡಿ ಸೇವಾರ್ಥವಾಗಿ ಪರದೇಶಕ್ಕೆ ತೆರಳುವ ಪದ್ಧತಿಯು ಇಪ್ಪತ್ತನೆಯ ಶತಮಾನದ ಇತಿಹಾಸದಲ್ಲಿ ಗಮನಾರ್ಹವಾದುದು. ಆದರೆ ಇಂತಹ ಯಾತ್ರೆಗಳ ವೃತ್ತಾಂತವು ಬಹುಮಟ್ಟಿಗೆ ಹೋದವರ ಲೇಖನಿಯಿಂದಲೇ ಬಂದುದಾಗಿದೆ. ಬರಮಾಡಿಕೊಂಡವರ ಪಾತ್ರವು ಅದರಲ್ಲಿ ಮರೆಯಾಗುತ್ತದೆ. ಈ ಮಾತಿಗೆ ಘಾನಾ ದೇಶದ ಒಂದು ನಿದರ್ಶನವನ್ನು ಪರಿಶೀಲಿಸಬಹುದು.

1960ರ ಅಕ್ಟೋಬರ್ 14ರ ನಡುರಾತ್ರಿ ಕಳೆದ ಮೇಲೆ, ಆಗ ಅಧ್ಯಕ್ಷಪದವಿಯ ಅಭ್ಯರ್ಥಿಯಾಗಿದ್ದ ಜಾನ್ ಕೆನೆಡಿಯವರು ಮಿಚಿಗನ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳನ್ನು ಕುರಿತು, ನಿಮ್ಮಲ್ಲಿ ಎಷ್ಟು ಮಂದಿ ಘಾನಾದಲ್ಲಿ ಸೇವೆಗೈಯಲು ಸಿದ್ಧರಿದ್ದೀರಿ ಎಂಬರ್ಥದ ಪ್ರಶ್ನೆಯನ್ನು ಮುಂದಿಟ್ಟರು. 1961ರ ಮಾರ್ಚ್ 1ರಂದು ಅವರ ಆಜ್ಞೆಯಿಂದಲೇ ಶಾಂತಿದಳವು, ಎಂದರೆ ಪೀಸ್ ಕೋರ್, ಸ್ಥಾಪಿತವಾಯಿತು. ಬರ್ಕ್ಲಿಯಲ್ಲಿ ಶಿಕ್ಷಣ ಪಡೆದ 51 ಮಂದಿಯ ಮೊದಲ ತಂಡವು ಆಗಸ್ಟ್ 30ರಂದು ಆಕ್ರಾ ವಿಮಾನನಿಲ್ದಾಣದಲ್ಲಿ ಇಳಿಯಿತು. ಅವರು ವಿಮಾನದಿಂದಿಳಿದು ಸಾಲಾಗಿ ನಿಂತು, ಆ ನಾಡಿನ ತ್ವಿ ಭಾಷೆಯಲ್ಲಿ ಒಂದು ಹಾಡನ್ನು ಹಾಡಿದರು. ಎಫ್ರೈಮ್ ಅಮು ಎಂಬ ಸ್ಥಳೀಯ ಸಂಗೀತಗಾರರು ರಚಿಸಿದ ಆ ಗೀತದ ಹೆಸರಿಗೆ 'ಇದು ನಮ್ಮದೇ ನೆಲ' ಎಂದು ಅರ್ಥ. ನೆಲ ಯಾರದೆಂಬುದನ್ನು ಅತಿಥಿಗಳು ತಮ್ಮ ಬಾಯಿಂದಲೇ ಸಾರಿದಂತಾಯಿತು.

ಇಷ್ಟಕ್ಕೇ ನಿಂತರೆ ಇದೊಂದು ಔದಾರ್ಯದ ಕಥೆಯಾಗುವುದು. ಆದರೆ ಇದರ ಕಾರಣವನ್ನು ಆಕ್ರಾದಲ್ಲಿಯೂ ಹುಡುಕಬೇಕು. 1951ರ ಶಿಕ್ಷಣ ಯೋಜನೆಯು ಪ್ರಾಥಮಿಕ ಶಾಲೆಗಳ ಶುಲ್ಕವನ್ನು ತೆಗೆದುಹಾಕಿತು. 1957ರಲ್ಲಿ ದೇಶವು ಸ್ವತಂತ್ರವಾಯಿತು. 1961ರ ಶಿಕ್ಷಣ ಶಾಸನವು ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿತು. ಮಕ್ಕಳು ಬಂದರು, ಉಪಾಧ್ಯಾಯರು ಸಾಲದಾದರು. ಆದುದರಿಂದಲೇ ಶಾಂತಿದಳದ ನಿರ್ದೇಶಕ ಸಾರ್ಜೆಂಟ್ ಶ್ರೈವರ್ ಅವರು ಆ ವರ್ಷ ಭೇಟಿಯಿತ್ತಾಗ, ಅಧ್ಯಕ್ಷ ಎನ್‌ಕ್ರುಮಾ ಅವರು ಉಪಾಧ್ಯಾಯರನ್ನು ಕೇಳಿದರು. ಕೊಡುವವರ ಸಂಕಲ್ಪವೆಂಬಂತೆ ತೋರುವ ಈ ಕಾರ್ಯದಲ್ಲಿ, ಏನು ಬೇಕೆಂಬುದನ್ನು ನಿಶ್ಚಯಿಸಿದವರು ಆತಿಥೇಯರು.

ಇದೇ ವರ್ಷದ ಅಕ್ಟೋಬರಿನಲ್ಲಿ ನೈಜೀರಿಯದ ಇಬಾದಾನಿನಲ್ಲಿ ನಡೆದುದು ಇದಕ್ಕೆ ಪ್ರತಿಯಾದ ಪ್ರಸಂಗ. ಹೊಸದಾಗಿ ಬಂದಿದ್ದ ಶಾಂತಿದಳದ ತರುಣಿಯೊಬ್ಬಳು ಅಲ್ಲಿಯ ಹೀನಸ್ಥಿತಿಯನ್ನು ವರ್ಣಿಸಿ ಸ್ವದೇಶದ ಸ್ನೇಹಿತನಿಗೆ ಕಾರ್ಡು ಬರೆದಳು. ಅಂಚೆಗೆ ಸೇರುವ ಮೊದಲೇ ಅದು ಅಲ್ಲಿಯ ವಿದ್ಯಾರ್ಥಿಗಳ ಕೈಗೆ ಸಿಕ್ಕಿತು. ಅವರು ಅದರ ಪ್ರತಿಗಳನ್ನು ಹಂಚಿ, ಪ್ರತಿಭಟನೆಯ ಸಭೆ ನಡೆಸಿದರು. ಆಕೆ ದೇಶವನ್ನು ಬಿಡಬೇಕಾಯಿತು. ಸ್ವಾತಂತ್ರ್ಯ ಬಂದು ಒಂದೇ ವರ್ಷವಾಗಿದ್ದ ನಾಡಿನವರನ್ನು ನೋಯಿಸಿದುದು ಬಡತನದ ಪ್ರಸ್ತಾಪ ಮಾತ್ರವಲ್ಲ. ತಮ್ಮ ಬದುಕು ಪರರಿಗೆ ನೋಟದ ವಸ್ತುವಾಯಿತೆಂಬ ಭಾವನೆಯೂ ಅದರಲ್ಲಿ ಸೇರಿತ್ತೆಂದು ತೋರುತ್ತದೆ.

ನಮ್ಮ ದೇಶಕ್ಕೂ ಶಾಂತಿದಳವು ಬಂದಿತು. 1961ರಲ್ಲಿ ಶ್ರೈವರ್ ಅವರನ್ನು ಕಂಡ ನೆಹರೂ ಅವರು, ಅಮೆರಿಕದ ತರುಣರು ಭಾರತದಿಂದ ಬಹಳವನ್ನು ಕಲಿಯಬಹುದೆಂದು ಹೇಳಿದರು. ಆ ವರ್ಷದ ಡಿಸೆಂಬರಿನಲ್ಲಿ ಮೊದಲ ತಂಡವು ಪಂಜಾಬಿಗೆ ಬಂದಿತು. 1976ರಲ್ಲಿ ಶಾಂತಿದಳದ ಕಾರ್ಯವು ಇಲ್ಲಿ ಮುಕ್ತಾಯವಾಯಿತು. ಕಲಿಸಲು ಬಂದವರನ್ನು ಕಲಿಯಲು ಬಂದವರೆಂದು ಬರಮಾಡಿಕೊಂಡ ಆ ಮಾತಿನಲ್ಲಿ ವಿನಯವೂ ಇದೆ, ಸ್ವಾಭಿಮಾನವೂ ಇದೆ.

ಆದಕಾರಣ ಸೇವಾಯಾತ್ರೆಯ ಇತಿಹಾಸವನ್ನು ಬರೆಯುವವನು ಬಂದವರ ದಿನಚರಿಗಳಿಂದಲೇ ತೃಪ್ತನಾಗಲಾಗದು. ಕರೆದವರು ಯಾರು, ಏನನ್ನು ಕೇಳಿದರು, ಬಂದವರ ವಿಷಯದಲ್ಲಿ ಏನೆಂದರು ಎಂಬುದನ್ನೂ ಅವನು ವಿಚಾರಿಸಬೇಕು. ಆಗಮನವೆಂಬುದಕ್ಕೆ ಯಾವಾಗಲೂ ಎರಡು ದಡಗಳುಂಟು.