ಕ್ಯಾಮೆರಾಗೆ ಢಿಕ್ಕಿ ಹೊಡೆದ ಇರುವೆ

ಕಪ್ಪು ಬಿಳುಪು ಪರದೆಯ ಮೇಲೆ ಆಳೆತ್ತರದ ಇರುವೆಯೊಂದು ಓಡಿ ಬಂದು ಸೀದಾ ಕ್ಯಾಮೆರಾಗೇ ಢಿಕ್ಕಿ ಹೊಡೆಯುತ್ತದೆ. ಚಿತ್ರ ಅಲುಗುತ್ತದೆ, ಕತೆ ಏನೂ ಆಗದಂತೆ ಮುಂದೆ ಸಾಗುತ್ತದೆ. ಮೊದಲ ಸಲ ನೋಡಿದಾಗ ನಾನು ಬಿದ್ದು ಬಿದ್ದು ನಕ್ಕಿದ್ದೆ. ಇರುವೆಯ ಗಟ್ಟಿ ಚಿಪ್ಪಿನ ಕೆಳಗೆ ನಟನ ಎರಡು ಕಾಲು ಸ್ಪಷ್ಟವಾಗಿ ಕಾಣುತ್ತಿದ್ದವು. ಆರು ಕಂತು ಮುಗಿಯುವ ಹೊತ್ತಿಗೆ ಆ ನಗು ಅಷ್ಟು ಸಲೀಸಾಗಿ ಬರುತ್ತಿರಲಿಲ್ಲ.

ಅದು ಬಿಬಿಸಿಯ ‘ಡಾಕ್ಟರ್ ಹೂ’ ಸರಣಿಯ ‘ದಿ ವೆಬ್ ಪ್ಲಾನೆಟ್’ ಎಂಬ ಕಥಾನಕ. 1965ರ ಫೆಬ್ರವರಿ 13ರಿಂದ ಮಾರ್ಚ್ 20ರವರೆಗೆ ಆರು ಶನಿವಾರ ಪ್ರಸಾರವಾಯಿತು. ಕಾಲಯಂತ್ರದಲ್ಲಿ ಅಲೆಯುವ ಮುದುಕ ಡಾಕ್ಟರ್ ಮತ್ತು ಅವನ ಮೂವರು ಸಂಗಾತಿಗಳು ವೋರ್ಟಿಸ್ ಎಂಬ ಬಂಜರು ಗ್ರಹಕ್ಕೆ ಬಂದಿಳಿಯುತ್ತಾರೆ. ಈ ನಾಲ್ವರನ್ನು ಬಿಟ್ಟರೆ ಇಡೀ ಕತೆಯಲ್ಲಿ ಒಂದು ಮನುಷ್ಯಮುಖವೂ ಇಲ್ಲ. ಇರುವೆಯಂಥ ಜಾರ್ಬಿಗಳು, ರೆಕ್ಕೆಯ ಮೆನಾಪ್ಟ್ರಗಳು, ನೆಲದಡಿಯ ಆಪ್ಟೆರಾಗಳು, ಇವರೆಲ್ಲರ ನಡುವೆ ಬಲೆ ಹೆಣೆದು ಕೂತ ಆನಿಮಸ್. ಎಲ್ಲವೂ ಹುಳು ಹುಪ್ಪಟೆಗಳ ಲೋಕ. ಬರೆದ ಬಿಲ್ ಸ್ಟ್ರಟನ್ ಆಸ್ಟ್ರೇಲಿಯಾದವರು. ಬಾಲ್ಯದಲ್ಲಿ ಅಲ್ಲಿನ ಎರಡು ದೊಡ್ಡ ಇರುವೆಗಳ ಕಾದಾಟ ನೋಡಿದ್ದು ಅವರ ಮನಸ್ಸಿನಲ್ಲಿ ಉಳಿದಿತ್ತು.

ಆ ಕಾಲದ ಸ್ಟುಡಿಯೋದಲ್ಲಿ ಇದು ಹುಚ್ಚು ಸಾಹಸವೇ. ಕಂತನ್ನು ಹೆಚ್ಚುಕಡಿಮೆ ನಾಟಕದಂತೆ ಒಂದೇ ಓಟದಲ್ಲಿ ಟೇಪಿಗೆ ಇಳಿಸುತ್ತಿದ್ದರು. ಟೇಪ್ ಕತ್ತರಿಸಿ ಅಂಟಿಸುವುದು ದುಬಾರಿ, ತೀರಾ ಅನಿವಾರ್ಯವಾದರಷ್ಟೇ ನಿಲ್ಲಿಸುವುದು. ಹಾಗಾಗಿ ಢಿಕ್ಕಿಯೂ ಚರಿತ್ರೆಗೆ ಸೇರಿತು. ನಿರ್ದೇಶಕ ರಿಚರ್ಡ್ ಮಾರ್ಟಿನ್ ಅನ್ಯಗ್ರಹದ ಗಾಳಿ ಬೇರೆಯದೇ ಅನ್ನಿಸಲೆಂದು ಮಸೂರದ ಮುಂದೆ ವ್ಯಾಸಲೀನ್ ಬಳಿಸಿ ಚಿತ್ರವನ್ನೇ ಮಸುಕು ಮಾಡಿಸಿದರು. ಮೆನಾಪ್ಟ್ರಗಳನ್ನು ತಂತಿಗೆ ಕಟ್ಟಿ ಹಾರಿಸಿದರು.

ನನಗೆ ತುಂಬ ಇಷ್ಟವಾದದ್ದು ರಾಸ್ಲಿನ್ ಡಿ ವಿಂಟರ್ ಅವರ ಕೆಲಸ. ಹುಳುಗಳ ಚಲನೆಯನ್ನು ರೂಪಿಸಲೆಂದೇ ಅವರನ್ನು ಕರೆಸಿದ್ದರು. ಕೈಗಳನ್ನು ನಿಧಾನ ತೇಲಿಸುತ್ತ, ಮಾತನ್ನು ವಿಚಿತ್ರ ಜಾಗಗಳಲ್ಲಿ ತುಂಡರಿಸುತ್ತ ಮೆನಾಪ್ಟ್ರಗಳು ಮಾತಾಡುವುದು ಅವರ ಕಲ್ಪನೆ. ವ್ರೆಸ್ಟಿನ್ ಎಂಬ ಪಾತ್ರವನ್ನೂ ಅವರೇ ಮಾಡಿದರು. ಮೊದಲಿಗೆ ನಗು ತರಿಸುವ ಈ ಅಭಿನಯ ಎರಡನೆಯ ತಾಸಿಗೆ ಒಂದು ಜನಾಂಗದ ನಡವಳಿಕೆಯಾಗಿಬಿಡುತ್ತದೆ.

ಇನ್ನು ಆಪ್ಟೆರಾಗಳು. ಮೆನಾಪ್ಟ್ರಗಳದ್ದೇ ಕುಲ, ನೆಲದಡಿಗೆ ಸೇರಿ ತಲೆಮಾರುಗಳ ಕತ್ತಲಲ್ಲಿ ರೆಕ್ಕೆ ಕಳೆದುಕೊಂಡವರು, ಕುಪ್ಪಳಿಸಿ ನಡೆಯುವವರು. ಸುರಂಗ ಕೊರೆಯುವಾಗ ಗೋಡೆ ಒಡೆದು ಆಮ್ಲ ಒಳನುಗ್ಗುತ್ತದೆ. ನೆಮಿನಿ ಎಂಬಾಕೆ ತನ್ನ ತಲೆಯನ್ನೇ ಆ ಕಿಂಡಿಗೆ ಒತ್ತಿ ಹಿಡಿದು ಸಾಯುತ್ತಾಳೆ. ವೇಷ ಎಷ್ಟು ಒರಟು ಎಂದರೆ ಹೊಲಿಗೆ ಎಣಿಸಬಹುದು. ಆದರೂ ಆ ಕ್ಷಣ ನಾನು ಹೊಲಿಗೆ ನೋಡುತ್ತಿರಲಿಲ್ಲ.

ಮೊದಲ ಕಂತನ್ನು 1 ಕೋಟಿ 35 ಲಕ್ಷ ಜನ ನೋಡಿದರು. ವಿಲಿಯಂ ಹಾರ್ಟ್ನೆಲ್ ಡಾಕ್ಟರ್ ಆಗಿದ್ದ ವರ್ಷಗಳಲ್ಲಿ ಅದೇ ಅತಿ ಹೆಚ್ಚು. ಇಂದು ಇದರ ಹೆಸರೆತ್ತಿದರೆ ಅಭಿಮಾನಿಗಳೂ ಮುಸಿಮುಸಿ ನಗುತ್ತಾರೆ. ಕತೆ ಎಳೆದಾಡುತ್ತದೆ, ನಿಜ. ಆರು ಕಂತು ಬೇಕಿರಲಿಲ್ಲ.

ಆದರೆ ನಗಲಿಕ್ಕಾದರೂ ಅದು ಉಳಿದಿದೆ. ಬಿಬಿಸಿ ಹಳೆಯ ಟೇಪುಗಳನ್ನು ಅಳಿಸಿ ಮತ್ತೆ ಬಳಸುತ್ತಿತ್ತು. ಉಳಿದವು ಬಹುಪಾಲು ಹೊರದೇಶಕ್ಕೆ ಮಾರಲು ಮಾಡಿಸಿದ 16 ಎಂಎಂ ಫಿಲ್ಮ್ ಪ್ರತಿಗಳು. ವೆಬ್ ಪ್ಲಾನೆಟ್‌ನ ಆರೂ ಕಂತು ಹಾಗೆ ಬದುಕಿದವು. 1964ರ ‘ಮಾರ್ಕೊ ಪೋಲೊ’ಗೆ ಆ ಅದೃಷ್ಟ ಇರಲಿಲ್ಲ. ಏಳು ಕಂತಿನ ಆ ಕಥಾನಕದ ಆರನ್ನು ನಿರ್ದೇಶಿಸಿದವರು ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್, ಸರಣಿಯ ಮೊಟ್ಟಮೊದಲ ಕಂತಿನ ನಿರ್ದೇಶಕರೂ ಅವರೇ. ಅದರ ಉಡುಪು, ರಂಗಸಜ್ಜಿಕೆಗಳನ್ನು ಹೊಗಳದವರಿಲ್ಲ. ದೃಶ್ಯ ಒಂದೂ ಈವರೆಗೆ ಸಿಕ್ಕಿಲ್ಲ. ಮನೆಯ ಟಿವಿಯಿಂದ ಅಭಿಮಾನಿಗಳು ಮುದ್ರಿಸಿಟ್ಟ ಧ್ವನಿ, ಕೆಲವು ಸ್ಥಿರಚಿತ್ರಗಳು, ಅಷ್ಟೇ.

ಒಂದು ರಾತ್ರಿ ಆ ಧ್ವನಿಯನ್ನು ಹಾಕಿಕೊಂಡು ಕೇಳಿದೆ. ಗೋಬಿ ಮರುಭೂಮಿಯ ಗಾಳಿ, ಕುಬ್ಲಾ ಖಾನನ ಗೊಣಗಾಟ. ಎಲ್ಲೋ ಒಂದೆಡೆ ಏನೋ ತಗುಲಿದ ಸದ್ದಾದಂತಿತ್ತು. ಯಾರಾದರೂ ಕ್ಯಾಮೆರಾಗೆ ಢಿಕ್ಕಿ ಹೊಡೆದರೇನೋ ಎಂದು ಹಿಂದಕ್ಕೆ ಹೋಗಿ ಮತ್ತೆ ಕೇಳಿದೆ. ಗೊತ್ತಾಗಲಿಲ್ಲ.