ತಳ್ಳಿದರೂ ಹೊರಡದ ಕಾರು

ಪುಣೆ–ಬೆಂಗಳೂರು ಹೆದ್ದಾರಿ ಬೆಳಗಾವಿ ಬಿಟ್ಟು ಧಾರವಾಡದ ಕಡೆ ಬರುವಾಗ ಮಲಪ್ರಭೆಯ ದಂಡೆಗೆ ಎಂ.ಕೆ. ಹುಬ್ಬಳ್ಳಿ ಸಿಗುತ್ತದೆ. ಗಂಗಾಂಬಿಕೆಯ ಐಕ್ಯಸ್ಥಳವೆಂದು ಶರಣಭಕ್ತರಿಗೆ, ಸಹಕಾರಿ ಸಕ್ಕರೆ ಕಾರ್ಖಾನೆಯ ಊರೆಂದು ಕಬ್ಬು ಬೆಳೆಯುವವರಿಗೆ ಈ ಊರು ಗೊತ್ತು. ಮೊದಲು 4 ಎಂದೂ ಈಗ 48 ಎಂದೂ ಕರೆಸಿಕೊಳ್ಳುವ ಈ ರಾಷ್ಟ್ರೀಯ ಹೆದ್ದಾರಿಯಲ್ಲಿ ಕಬ್ಬಿನ ಟ್ರೇಲರುಗಳ ಜೊತೆಗೆ ಇನ್ನೊಂದು ಸರಕೂ ಬರುತ್ತದೆ. ಮಹಾನಗರದಲ್ಲಿ ಎಂಟು ಹತ್ತು ವರ್ಷ ಓಡಿ ಕೈ ಬದಲಿಸಿದ ಸೆಡಾನ್ ಕಾರುಗಳವು. ಅವುಗಳಲ್ಲಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇದ್ದವುಗಳ ಬಗ್ಗೆ ಕೇಳಿಬರುವ ದೂರುಗಳು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಲಿವರನ್ನು ಡಿ‌ಗೆ ತಂದರೂ ಗಾಡಿ ಹೊರಡಲು ತಡಮಾಡುತ್ತದೆ. ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಜರ್ಕ್ ಹೊಡೆಯುತ್ತದೆ. ಏರಿನಲ್ಲಿ ಇಂಜಿನ್ ಕೂಗುತ್ತದೆಯೇ ಹೊರತು ವೇಗ ಏರುವುದಿಲ್ಲ. ಊರಿನ ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ನೋಡಿದ ಮಿಸ್ತ್ರಿ ಬೆಳಗಾವಿಗೋ ದೊಡ್ಡ ಹುಬ್ಬಳ್ಳಿಗೋ ಒಯ್ಯಿರಿ ಎನ್ನುತ್ತಾನೆ. ಈ ಕಿರಿಕಿರಿಯನ್ನು ಸಾಮಾನ್ಯವಾಗಿ ಯಂತ್ರದ ದೋಷ ಅಥವಾ ಕೊಂಡವನ ನಸೀಬು ಎಂದು ಬಗೆಯುತ್ತಾರೆ. ನನ್ನ ಮಟ್ಟಿಗೆ ಅದು ರಿಪೇರಿ ಎಂಬ ಕಸುಬಿನ ಇತಿಹಾಸದ ಪ್ರಶ್ನೆ. ಈ ಸೀಮೆಗೆ ಹಿಂದೆ ಬಂದ ಪ್ರತಿ ಯಂತ್ರವೂ ತನ್ನನ್ನು ದುರಸ್ತಿ ಮಾಡುವ ಕೈಗಳನ್ನು ತಾನೇ ಬೆಳೆಸಿಕೊಂಡಿತು. ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಮಾತ್ರ ಆ ಅವಕಾಶವೇ ಸಿಗಲಿಲ್ಲ.

ಚಕ್ಕಡಿಯ ಕಾಲದಿಂದಲೇ ನೋಡಬಹುದು. ಅಚ್ಚು ಸವೆದರೆ, ಗಾಲಿಯ ಹಳಿ ಸಡಿಲಾದರೆ ರೈತ ಊರು ಬಿಟ್ಟು ಹೋಗಬೇಕಿರಲಿಲ್ಲ. ಬಡಿಗೇರನೂ ಕಂಬಾರನೂ ಊರಲ್ಲೇ ಇದ್ದರು, ಅವರ ಕೂಲಿ ಆಯದ ಲೆಕ್ಕದಲ್ಲಿ ಸುಗ್ಗಿಗೆ ಸಲ್ಲುತ್ತಿತ್ತು. ಊರ ಚಕ್ಕಡಿಗಳೆಲ್ಲ ಒಂದೇ ಅಳತೆ, ಒಂದೇ ಬಗೆಯವಾದ್ದರಿಂದ ಒಂದನ್ನು ಕಲಿತವನಿಗೆ ಎಲ್ಲವೂ ತಿಳಿದಂತಾಗುತ್ತಿತ್ತು. ಹೊರಗಿನ ಯಂತ್ರ ಬಂದಾಗಲೂ ದಾರಿ ಬೇರೆಯಾಗಲಿಲ್ಲ. ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಆರಂಭಿಸಿದ್ದು ಕಾರ್ಖಾನೆಯನ್ನಲ್ಲ, ಸೈಕಲ್ ಅಂಗಡಿಯನ್ನು. ಮಾರಾಟದ ಜೊತೆಗೆ ರಿಪೇರಿ. ಮೇವು ಕತ್ತರಿಸುವ ಯಂತ್ರ ಬಂದದ್ದು ಆಮೇಲೆ, ಕಬ್ಬಿಣದ ನೇಗಿಲು 1903ರಲ್ಲಿ. ಕಬ್ಬಿಣ ತಗುಲಿದರೆ ನೆಲ ಕೆಡುತ್ತದೆಂದು ಅಂಜಿದ ರೈತರು ಮೊದಲ ನೇಗಿಲುಗಳನ್ನು ಕೊಳ್ಳಲು ವರ್ಷಗಟ್ಟಲೆ ಹಿಂದೆ ಸರಿದರು ಎಂಬುದು ಪ್ರಸಿದ್ಧವಾದ ಸಂಗತಿ. ಅದರ ಜೊತೆಗೆ ನೆನೆಯಬೇಕಾದದ್ದು ಇನ್ನೊಂದಿದೆ: ಆ ನೇಗಿಲಿನ ಕುಳವನ್ನು ಬಿಚ್ಚಿ ಹೊಸದು ಹಾಕಬಹುದಿತ್ತು. 1910ರಲ್ಲಿ ಕಿರ್ಲೋಸ್ಕರರು ಔಂಧ್ ಸಂಸ್ಥಾನಕ್ಕೆ ಹೋದರೂ ಕಬ್ಬಿಣದ ಕೆಲಸ ಬೆಳಗಾವಿಯನ್ನು ಬಿಡಲಿಲ್ಲ. ಉದ್ಯಮಬಾಗದ ಫೌಂಡ್ರಿಗಳು ಇಂದಿಗೂ ಅದನ್ನೇ ಮಾಡುತ್ತಿವೆ.

ಮೋಟಾರು ಯುಗ ಇದೇ ಜಾಡಿನಲ್ಲಿ ನಡೆಯಿತು. ಅಂಬಾಸಡರ್ ಕಾರು 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕೂಡ 2014ರವರೆಗೆ ಬಾಳಿತು. ಇಷ್ಟು ಉದ್ದದ ಅವಧಿಯಲ್ಲಿ ಈ ಕಾರುಗಳ ಗೇರ್‌ಬಾಕ್ಸಿನ ಒಳರಚನೆಯ ಮೂಲತತ್ವ ಬದಲಾಗಲೇ ಇಲ್ಲ. ಅಪ್ಪ ಬಿಚ್ಚಿದ್ದನ್ನೇ ಮಗನೂ ಬಿಚ್ಚಿದ. ಸಾವಿರ ಕಾರುಗಳಿಗೆ ಒಂದೇ ಕ್ಲಚ್ ಪ್ಲೇಟ್ ಒಗ್ಗುವಾಗ ಅದನ್ನು ತಾಲೂಕು ಊರಿನ ಅಂಗಡಿಯೂ ತಂದಿಡುತ್ತದೆ. ಟ್ರ್ಯಾಕ್ಟರಿನ ಕತೆ ಇದಕ್ಕಿಂತಲೂ ಹೇಳಿಕೊಳ್ಳುವಂಥದ್ದು. ನೇಗಿಲನ್ನು ಎತ್ತಿ ಇಳಿಸುವ ಅದರ ಹೈಡ್ರಾಲಿಕ್ ಲಿಫ್ಟಿನಲ್ಲಿ ಪಂಪ್ ಎಣ್ಣೆಗೆ ಒತ್ತಡ ಕೊಡುತ್ತದೆ, ವಾಲ್ವ್ ಅದಕ್ಕೆ ದಾರಿ ತೋರುತ್ತದೆ, ಪಿಸ್ಟನ್ ಭಾರ ಹೊರುತ್ತದೆ. ಕಬ್ಬಿನ ಸೀಮೆಯ ಮಿಸ್ತ್ರಿಗಳು ಈ ಲಿಫ್ಟನ್ನು ಬಿಚ್ಚಿ, ಸೀಲ್ ಬದಲಿಸಿ, ಮತ್ತೆ ಕೂಡಿಸುತ್ತಾರೆ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಹೃದಯವಾದ ವಾಲ್ವ್ ಬಾಡಿಯಲ್ಲೂ ಇರುವುದು ಇದೇ ತತ್ವ, ಇನ್ನಷ್ಟು ಸಣ್ಣ ಅಳತೆಯಲ್ಲಿ, ಇನ್ನಷ್ಟು ಸೂಕ್ಷ್ಮವಾಗಿ. ಬೆಳಗಾವಿಯಂತೂ ಹೈಡ್ರಾಲಿಕ್ ಪಂಪು, ವಾಲ್ವುಗಳ ತಯಾರಿಕೆಗೆ ದಶಕಗಳಿಂದ ಹೆಸರಾದ ಊರು. ಹಳ್ಳಿಯ ಕೈಗೆ ಎಣ್ಣೆಯ ಒತ್ತಡದ ವಿದ್ಯೆ ಎಟುಕುವುದಿಲ್ಲ ಎನ್ನುವವರು ಈ ಸಂಗತಿಯನ್ನು ಮರೆತಿರುತ್ತಾರೆ.

ಹಾಗಾದರೆ ತಪ್ಪಿದ್ದು ಎಲ್ಲಿ? ಯಂತ್ರ ಹೊಸದೇನಲ್ಲ. ಎಣ್ಣೆಯ ಮೂಲಕ ಬಲ ದಾಟಿಸುವ ಟಾರ್ಕ್ ಕನ್ವರ್ಟರನ್ನು ಜರ್ಮನಿಯ ಹರ್ಮನ್ ಫೋಟಿಂಗರ್ ರೂಪಿಸಿದ್ದು 1905ರಲ್ಲಿ, ಅದೂ ಹಡಗಿಗಾಗಿ. ಅಮೆರಿಕದ ಜನರಲ್ ಮೋಟರ್ಸ್ 1939ರಲ್ಲಿ ಹೈಡ್ರಾಮ್ಯಾಟಿಕ್ ಎಂಬ ಪೂರ್ಣ ಸ್ವಯಂಚಾಲಿತ ಗೇರ್‌ಬಾಕ್ಸನ್ನು ಸಾಮಾನ್ಯರ ಕಾರಿಗೆ ತಂದಿತು. ಅಲ್ಲಿ ಅದು ಹೊಸ ಕಾರಿನ ಜೊತೆ, ಲಕ್ಷಗಳ ಲೆಕ್ಕದಲ್ಲಿ, ದಶಕಗಟ್ಟಲೆ ಬಂದದ್ದರಿಂದ ಗೇರ್‌ಬಾಕ್ಸ್ ಮಾತ್ರ ನೋಡುವ ಗ್ಯಾರೇಜುಗಳು ಊರೂರಿಗೆ ಹುಟ್ಟಿಕೊಂಡವು. ಭಾರತದ ಮಧ್ಯಮ ವರ್ಗದ ಕಾರಿಗೆ ಅದು ಬಂದದ್ದು ತಡವಾಗಿ, ಕಡಿಮೆ ಸಂಖ್ಯೆಯಲ್ಲಿ. ಬಂದದ್ದೂ ಒಂದೇ ರೂಪದಲ್ಲಲ್ಲ. ಹೋಂಡಾ ಸಿಟಿಯನ್ನೇ ತೆಗೆದುಕೊಳ್ಳಿ. 2003ರ ಪೀಳಿಗೆಯ ಆಟೊಮ್ಯಾಟಿಕ್ ಕಾರಿನಲ್ಲಿದ್ದದ್ದು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟ್ ಓಡುವ ಸಿವಿಟಿ; 2008ರ ಪೀಳಿಗೆಯಲ್ಲಿ ಟಾರ್ಕ್ ಕನ್ವರ್ಟರಿನ ಐದು ಗೇರು; 2014ರಲ್ಲಿ ಮತ್ತೆ ಸಿವಿಟಿ. ಫೋಕ್ಸ್‌ವ್ಯಾಗನ್ ಕಂಪನಿಯ ವೆಂಟೊದಲ್ಲಿ ಮೊದಲು ಟಾರ್ಕ್ ಕನ್ವರ್ಟರ್ ಇತ್ತು, ಕೆಲವೇ ವರ್ಷಗಳಲ್ಲಿ ಎರಡು ಕ್ಲಚ್ಚುಗಳ ಡಿಎಸ್‌ಜಿಯೂ ಬಂತು. ಹೊರಗಿನ ಹೆಸರು ಒಂದೇ, ಲಿವರಿನ ಮೇಲಿನ ಪಿ, ಆರ್, ಎನ್, ಡಿ ಅಕ್ಷರಗಳೂ ಅವೇ. ಒಳಗಿನ ಯಂತ್ರ, ಅದು ಕೆಡುವ ರೀತಿ, ಅದಕ್ಕೆ ಹಾಕುವ ಎಣ್ಣೆ ಮೂರೂ ಬೇರೆ. ಸಿವಿಟಿಗೆ ಸಾದಾ ಗೇರ್ ಆಯಿಲ್ ಹಾಕಿದರೆ ಬೆಲ್ಟ್ ಜಾರಿ ಪುಲ್ಲಿಗೆ ಗೀರು ಬೀಳುತ್ತದೆ. ವರ್ಷಕ್ಕೆ ಇಂಥ ಎರಡು ಮೂರು ಗಾಡಿ ಮಾತ್ರ ಬರುವ, ಅವೂ ಒಂದರಂತೆ ಇನ್ನೊಂದಿಲ್ಲದ ಗ್ಯಾರೇಜಿನಲ್ಲಿ ಯಾವ ಮಿಸ್ತ್ರಿಗೂ ಕೈ ಪಳಗುವುದಿಲ್ಲ. ಇದರ ಮೇಲೆ, ಸೀಮೆಗೆಲ್ಲ ಗೊತ್ತಿದ್ದ ಮೊದಲ ಉಪಾಯವೂ ಇಲ್ಲಿ ನಡೆಯುವುದಿಲ್ಲ. ಬ್ಯಾಟರಿ ಕುಳಿತ ಕಾರನ್ನು ನಾಲ್ಕು ಜನ ತಳ್ಳಿ, ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟರೆ ಸ್ಟಾರ್ಟ್ ಆಗುವ ಸುಖ ಆಟೊಮ್ಯಾಟಿಕ್ಕಿಗೆ ಇಲ್ಲ, ಏಕೆಂದರೆ ಇಂಜಿನ್ ತಿರುಗದೆ ಒಳಗಿನ ಎಣ್ಣೆ ಪಂಪ್ ತಿರುಗುವುದಿಲ್ಲ, ಒತ್ತಡವಿಲ್ಲದೆ ಒಳಗಿನ ಕ್ಲಚ್ಚುಗಳು ಹಿಡಿಯುವುದಿಲ್ಲ. ಅದೇ ಕಾರಣಕ್ಕೆ ಹಗ್ಗ ಕಟ್ಟಿ ದೂರ ಎಳೆಯುವುದೂ ಅಪಾಯ. ಬಲ ಹೋಗುವ ಗಾಲಿಗಳನ್ನು ನೆಲದಿಂದ ಎತ್ತಿಯೇ ಒಯ್ಯಬೇಕು. ಒಳ್ಳೆಯ ಮನಸ್ಸಿನಿಂದ ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದವರು ಸಣ್ಣ ಕೆಡುಕನ್ನು ದೊಡ್ಡದು ಮಾಡಿರುತ್ತಾರೆ.

ಯಂತ್ರವೇ ನಾಜೂಕು, ಕಸುಬಿನ ಇತಿಹಾಸವನ್ನು ಯಾಕೆ ಎಳೆದು ತರಬೇಕು ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 2004ರಲ್ಲಿ ಹೋಂಡಾ ಅಮೆರಿಕದಲ್ಲಿ ಗೇರ್‌ಬಾಕ್ಸಿನ ಒಳಗೆ ಬಿಸಿಯೇರುವ ದೋಷಕ್ಕಾಗಿ ಹತ್ತು ಲಕ್ಷಕ್ಕೂ ಹೆಚ್ಚು ವಾಹನಗಳನ್ನು ಹಿಂದೆ ಕರೆಸಿತು. 2013ರಲ್ಲಿ ಫೋಕ್ಸ್‌ವ್ಯಾಗನ್ ಚೀನಾದಲ್ಲಿ ಡಿಎಸ್‌ಜಿ ಇದ್ದ 3,84,181 ಕಾರುಗಳನ್ನು ಕರೆಸಿಕೊಂಡಿತು. ಎರಡು ಕ್ಲಚ್ಚುಗಳ ಪವರ್‌ಶಿಫ್ಟ್ ಗೇರ್‌ಬಾಕ್ಸಿನ ಗ್ರಾಹಕರ ದೂರುಗಳನ್ನು ನಡೆಸಿಕೊಂಡ ರೀತಿಗಾಗಿ ಫೋರ್ಡ್ ಕಂಪನಿಗೆ ಆಸ್ಟ್ರೇಲಿಯಾದ ನ್ಯಾಯಾಲಯ 2018ರಲ್ಲಿ 1 ಕೋಟಿ ಡಾಲರ್ ದಂಡ ಹಾಕಿತು. ದೋಷವಿತ್ತು, ನಿಜ. ಆದರೆ ಈ ಮೂರೂ ಪ್ರಕರಣಗಳಲ್ಲಿ ದೋಷಕ್ಕೆ ಉತ್ತರ ಹೇಳಬೇಕಾದ ಕೈ ಇತ್ತು. ಕಂಪನಿ, ವಾರಂಟಿ, ನ್ಯಾಯಾಲಯ, ಎಲ್ಲವೂ ಗ್ರಾಹಕನಿಗೆ ಎಟುಕುವಂತಿದ್ದವು. ಎಂ.ಕೆ. ಹುಬ್ಬಳ್ಳಿಗೆ ಮೂರನೇ ಮಾಲೀಕನ ಹೆಸರಿಗೆ ಬಂದ ಕಾರಿನ ವಾರಂಟಿ ಮುಗಿದಿರುತ್ತದೆ, ಅದರ ಸರ್ವಿಸ್ ಪುಸ್ತಕ ಮೊದಲ ಮಾಲೀಕನ ಮನೆಯಲ್ಲೇ ಉಳಿದಿರುತ್ತದೆ. ಇನ್ನು ನಾಜೂಕಿನ ಮಾತು. ಬೆಂಗಳೂರಿನಲ್ಲಿ 2006ರ ಸುಮಾರಿಗೆ ಓಡತೊಡಗಿದ ವೋಲ್ವೊ ಸಿಟಿ ಬಸ್ಸುಗಳಲ್ಲೂ ಇದ್ದದ್ದು ಆಟೊಮ್ಯಾಟಿಕ್ ಗೇರ್‌ಬಾಕ್ಸೇ. ಸಿಗ್ನಲ್ಲಿಗೊಮ್ಮೆ ನಿಂತು ಹೊರಡುವ ಆ ಬಸ್ಸು ಯಾವ ಕುಟುಂಬದ ಸೆಡಾನಿಗಿಂತಲೂ ಹೆಚ್ಚು ದುಡಿಯುತ್ತದೆ. ಬಸ್ಸಿಗೆ ಒಂದು ಡಿಪೋ ಇರುತ್ತದೆ, ಡಿಪೋದಲ್ಲಿ ಒಂದೇ ಮಾದರಿಯ ಹಲವು ಬಸ್ಸುಗಳಿರುತ್ತವೆ. ಮೂರನೇ ಮಾಲೀಕನ ಸೆಡಾನಿಗೆ ಇಲ್ಲದ್ದು ಅದು.

ಮಿಸ್ತ್ರಿಗಳೇ ಕಲಿಯಲು ಮನಸ್ಸು ಮಾಡಲಿಲ್ಲ ಎಂಬ ಇನ್ನೊಂದು ಆಕ್ಷೇಪವಿದೆ. ಅದಕ್ಕೆ ಉತ್ತರ ದೆಹಲಿಯ ಕಡತದಲ್ಲೇ ಸಿಗುತ್ತದೆ. ಹೊರಗಿನ ಗ್ಯಾರೇಜುಗಳಿಗೆ ಬಿಡಿಭಾಗಗಳನ್ನೂ ದೋಷ ಪತ್ತೆಯ ಸಲಕರಣೆಗಳನ್ನೂ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿತು. ಪ್ರಕರಣ ಮೇಲ್ಮನವಿಗಳ ದಾರಿ ಹಿಡಿಯಿತಾದರೂ ಆಯೋಗದ ಮುಂದೆ ಬಂದ ವಿವರ ಸ್ಪಷ್ಟವಾಗಿತ್ತು: ವಿದ್ಯೆಗೆ ಬೀಗ ಬಿದ್ದಿತ್ತು. ಡಿಎಸ್‌ಜಿಯ ಮೆಕಾಟ್ರಾನಿಕ್ ಘಟಕವನ್ನು ಬದಲಿಸಿದರೂ ಕಂಪ್ಯೂಟರಿನಿಂದ ಅದಕ್ಕೆ ಹೊಂದಾಣಿಕೆ ಕೊಡದೆ ಗಾಡಿ ಸರಿಯಾಗಿ ಓಡುವುದಿಲ್ಲ. ಆ ಸಾಫ್ಟ್‌ವೇರ್ ಕೈಗೆ ಸಿಗದವನು ಸ್ಪ್ಯಾನರಿನಲ್ಲಿ ಎಷ್ಟೇ ನಿಪುಣನಾದರೂ ಅರ್ಧಕ್ಕೇ ನಿಲ್ಲಬೇಕು. ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ತೆರೆದು ವಾಹನಗಳನ್ನೂ ಅದರ ವ್ಯಾಪ್ತಿಗೆ ತಂದದ್ದು ಒಳ್ಳೆಯದೇ. ಆದರೆ ಕಂಪನಿ ಸ್ವಇಚ್ಛೆಯಿಂದ ಕೊಟ್ಟ ಕೈಪಿಡಿಯಿಂದ ಹಳೆಯ ವಾಲ್ವ್ ಬಾಡಿಯ ಬಿಡಿಭಾಗ ಬೈಲಹೊಂಗಲದ ಅಂಗಡಿಗೆ ಬರುವುದಿಲ್ಲ.

ಕೊಳ್ಳುವವನೇ ನೋಡಿ ಕೊಳ್ಳಬೇಕು ಎಂಬ ಬುದ್ಧಿವಾದದಲ್ಲಿ ಸ್ವಲ್ಪ ಹುರುಳಿದೆ. ಗೇರ್‌ಬಾಕ್ಸಿನ ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಹೊಡೆಯುತ್ತಿದ್ದರೆ, ತಣ್ಣಗಿರುವಾಗ ಸರಿಯಿದ್ದು ಅರ್ಧ ಗಂಟೆ ಓಡಿದ ಮೇಲೆ ಜಾರತೊಡಗಿದರೆ, ಬಿಟ್ಟುಬಿಡುವುದೇ ವಾಸಿ. ಆದರೆ ಹಲವು ಹೊಸ ಗೇರ್‌ಬಾಕ್ಸುಗಳಲ್ಲಿ ಎಣ್ಣೆ ನೋಡುವ ಕಡ್ಡಿಯನ್ನೇ ತೆಗೆದಿದ್ದಾರೆ. ಕೆಲವಕ್ಕೆ ಜೀವಮಾನದ ಎಣ್ಣೆ, ಬದಲಿಸುವುದೇ ಬೇಡ ಎಂದು ಹೇಳಿ ಮಾರಿದ್ದೂ ಉಂಟು. ಯಾರ ಜೀವಮಾನ ಎಂಬುದನ್ನು ಕಂಪನಿಗಳು ಬಿಡಿಸಿ ಹೇಳಲಿಲ್ಲ. ಮೊದಲ ಮಾಲೀಕನದೇ ಇರಬೇಕು.

ನನ್ನ ವಾದಕ್ಕೆ ಅನುಕೂಲವಾದ ಒಂದು ಸಾಕ್ಷ್ಯವನ್ನು 2014ರಲ್ಲಿ ಮಾರುತಿ ಸೆಲೆರಿಯೊ ತಂದಿತು. ಎಎಂಟಿ ಎಂದು ಹೆಸರಾದ ಅದರ ಗೇರ್‌ಬಾಕ್ಸ್ ಒಳಗೆ ಸಾದಾ ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನಷ್ಟೇ ಕಂಪ್ಯೂಟರ್ ಹೇಳಿದಂತೆ ಕೇಳುವ ಆಕ್ಚುಯೇಟರಿಗೆ ಒಪ್ಪಿಸಿದ್ದಾರೆ. ಅದೇ ಏರ್ಪಾಟು ಮುಂದೆ ಡಿಜೈರ್ ಸೆಡಾನಿಗೂ ಬಂತು, ಬೇರೆ ಕಂಪನಿಗಳ ಅಗ್ಗದ ಕಾರುಗಳಿಗೂ ಬಂತು. ಓಡಿಸುವವರು ಅದರ ಜರ್ಕನ್ನು ಬಯ್ಯುತ್ತಾರೆ, ಬಯ್ಯುವುದರಲ್ಲಿ ಸುಳ್ಳೂ ಇಲ್ಲ. ಮೆತ್ತಗಿನ ಓಟದಲ್ಲಿ ಟಾರ್ಕ್ ಕನ್ವರ್ಟರಿಗೆ ಅದು ಸಾಟಿಯಲ್ಲ. ಆದರೆ ದುರಸ್ತಿಯ ಕಣ್ಣಿನಿಂದ ನೋಡಿದರೆ ಈ ಸೀಮೆಗೆ ಪರಿಚಿತ ದಾರಿಯಿಂದ ಬಂದ ಮೊದಲ ಆಟೊಮ್ಯಾಟಿಕ್ ಇದು. ಸಂಖ್ಯೆ ದೊಡ್ಡದು, ಮಾದರಿ ಹತ್ತಿರಹತ್ತಿರ ಒಂದೇ, ಒಳಗಿನ ಹಲ್ಲುಚಕ್ರಗಳು ಮಿಸ್ತ್ರಿಗೆ ಮೊದಲೇ ಗೊತ್ತಿರುವಂಥವು. ಕ್ಲಚ್ ಪ್ಲೇಟ್ ಬದಲಿಸುವುದು ಹಳೆಯ ಕೆಲಸ. ಹೊಸದಾಗಿ ಬೇಕಾದದ್ದು, ಪ್ಲೇಟ್ ಹಾಕಿದ ಮೇಲೆ ಅದು ಹಿಡಿಯುವ ಬಿಂದುವನ್ನು ಕಂಪ್ಯೂಟರಿಗೆ ತಿಳಿಸಿಕೊಡುವ ಸ್ಕ್ಯಾನರ್ ಮತ್ತು ಅದನ್ನು ಬಳಸಬಲ್ಲ ಒಬ್ಬ ಹುಡುಗ.